ಸಾಕ್ಷಿ ಹೇಳಲು ಹೋಗುವ ದಾರಿ

(ತಾಲ್ಲೂಕು ಅಧ್ಯಯನ ಶಿಬಿರದ ಎರಡನೇ ದಿನ ಮಧ್ಯಾಹ್ನ ಮಾಡಿದ ಭಾಷಣ. ಆಡಿದ ಮಾತನ್ನು ಆಮೇಲೆ ಬರೆದುಕೊಂಡದ್ದು. ಮಾತಿನ ಧಾಟಿಯನ್ನು ಅಲ್ಲಲ್ಲಿ ಹಾಗೇ ಬಿಟ್ಟಿದೆ.)



ಬೆಳಿಗ್ಗೆ ಮಾತಾಡಿದವರು ಬಗರ್‌ಹುಕುಂ ಜಮೀನಿನ ವಿಚಾರ ಹೇಳಿದರು. ನನಗೆ ಕೊಟ್ಟಿರೋ ವಿಷಯ ದೌರ್ಜನ್ಯ ತಡೆ ಕಾಯ್ದೆ. ನಾನು ಲಾ ಓದಿದವನಲ್ಲ. ಬಿ.ಎ. ಮುಗಿಸಿ ಕವಿತೆ ಬರೆದುಕೊಂಡು ತಿರುಗುತ್ತಿರುವವನು. ಕಾಯ್ದೆಯ ಪುಸ್ತಕ ತೆಗೆದು ಒಂದೊಂದೇ ಕಲಮು ಓದುತ್ತಾ ಹೋದರೆ, ಉಂಡು ಕೂತಿರೋ ಹೊತ್ತು, ನೀವೂ ಮಲಗ್ತೀರಿ, ನಾನೂ ಮಲಗ್ತೀನಿ. ಆದ್ದರಿಂದ ಬೇರೆ ದಾರಿ ಹಿಡೀತೀನಿ. ನಮ್ಮ ಕೇಸುಗಳನ್ನು ಕೋರ್ಟಿನಲ್ಲಿ ನಡೆಸುವ ಒಬ್ಬ ಸರಕಾರಿ ವಕೀಲೆ ನನಗೆ ಹೇಳಿದ್ದನ್ನು ನಿಮ್ಮ ಮುಂದೆ ಇಡ್ತೀನಿ.

ಅವರೂ ನಮ್ಮಂಥದೇ ಒಂದು ಕೇರಿಯಿಂದ ಬಂದವರು. ಹಾಸ್ಟೆಲಿನಲ್ಲಿದ್ದು ಓದಿ, ಕೆಲವು ವರ್ಷ ವಕೀಲಿಕೆ ಮಾಡಿ, ಪರೀಕ್ಷೆ ಬರೆದು ಸರಕಾರಿ ಅಭಿಯೋಜಕಿಯಾದವರು. ಈಗ ಒಂದು ಜಿಲ್ಲಾ ಕೋರ್ಟಿನಲ್ಲಿದ್ದಾರೆ. ನೌಕರಿಯಲ್ಲಿರುವವರು, ಹೆಸರು ಬೇಡ, ಊರು ಬೇಡ. ಅಕ್ಕ ಅಂತ ಕರೀತೀನಿ. ಮೂರು ಭಾನುವಾರ ಅವರ ಮನೆಯಲ್ಲಿ ಕೂತು ಕೇಳಿದ ಮಾತುಗಳಿವು.

ಮೊದಲು ಒಂದು ವಿಷಯ ತಿಳಕೊಳ್ಳೋಣ. ಕೇರಿಯಲ್ಲಿ ಕೇಸಾದಾಗ 'ಸರಕಾರ ನಮಗೊಬ್ಬ ಲಾಯರನ್ನ ಕೊಟ್ಟಿದೆ, ಇನ್ನು ಅವರು ನೋಡ್ಕೋತಾರೆ' ಅಂತೀವಿ. ಇದು ತಪ್ಪು ತಿಳುವಳಿಕೆ. ಸರಕಾರಿ ವಕೀಲರು ನಮ್ಮ ವಕೀಲರಲ್ಲ, ಸರಕಾರದ ವಕೀಲರು. ಕೇಸಿನ ಹೆಸರೇ ನೋಡಿ: 'ಕರ್ನಾಟಕ ರಾಜ್ಯ ವಿರುದ್ಧ ಇಂಥವನು ಮತ್ತು ಇತರರು'. ಏಟು ತಿಂದ ನಮ್ಮಣ್ಣನ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಅವನು ಅಲ್ಲಿ ಪಿ.ಡಬ್ಲ್ಯು. 1, ಅಂದರೆ ಅಭಿಯೋಜನೆಯ ಒಂದನೇ ಸಾಕ್ಷಿ. ಅವನ ಹೆಂಡತಿ ಪಿ.ಡಬ್ಲ್ಯು. 2. ಅವನ ರಕ್ತ ಮೆತ್ತಿದ ಅಂಗಿ ಎಂ.ಓ. 1. ಸೆಷನ್ಸ್ ಕೋರ್ಟಿನಲ್ಲಿ ಕೇಸು ನಡೆಸಬೇಕಾದವರು ಸರಕಾರಿ ಅಭಿಯೋಜಕರು. ನಾವು ದುಡ್ಡು ಕೊಟ್ಟು ಬೇರೆ ವಕೀಲರನ್ನು ಇಟ್ಟುಕೊಂಡರೂ ಅವರು ಸರಕಾರಿ ವಕೀಲರ ಪಕ್ಕ ನಿಂತು ನೆರವಾಗಬಹುದು, ಅಷ್ಟೆ.

ಇನ್ನೊಂದು ಮಾತಿದೆ. ಹೇಗಾದರೂ ಸರಿ, ಶಿಕ್ಷೆ ಕೊಡಿಸಿಯೇ ತೀರಬೇಕು ಅನ್ನೋ ಹಟ ಸರಕಾರಿ ವಕೀಲರಿಗೆ ಇರಬಾರದು, ನಿಜ ಏನಿದೆಯೋ ಅದನ್ನು ಕೋರ್ಟಿನ ಮುಂದೆ ಇಡಬೇಕು ಅಂತ 1999ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಕ್ಕನ ಮಗಳಿಗೆ ಎಂಟು ವರ್ಷ. ಸಂಜೆ ಅಮ್ಮ ಬಾಗಿಲಲ್ಲಿ ಚಪ್ಪಲಿ ಬಿಡ್ತಿರುವಾಗಲೇ ಕೇಳ್ತಾಳಂತೆ, 'ಇವತ್ತು ಗೆದ್ಯಾ, ಸೋತ್ಯಾ?' 'ನನ್ನ ಕೆಲಸದಲ್ಲಿ ಗೆಲ್ಲೋದು ಸೋಲೋದು ಇಲ್ಲ ಕಣೆ' ಅಂತ ಹೇಳಿ ಅಕ್ಕ ಮುಖ ತೊಳೆಯೋಕೆ ಹೋಗ್ತಾರೆ. 'ಕಾನೂನು ಹಂಗೇ ಹೇಳುತ್ತೆ. ಆದ್ರೆ ನಾನೂ ಕೇರಿಯಿಂದ ಬಂದೋಳಲ್ವಾ? ಅನ್ನ ಇಳಿಯೊಲ್ಲ' ಅಂತ ನನ್ನ ಹತ್ತಿರ ಅಂದರು.

ನಮ್ಮ ಕಾಯ್ದೆ ಬಂದದ್ದು 1989ರಲ್ಲಿ, ಜಾರಿಯಾದದ್ದು 1990ರ ಜನವರಿ 30ರಂದು. ಅದಕ್ಕೆ ಮುಂಚೆ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇತ್ತು, 1976ರಲ್ಲಿ ಅದಕ್ಕೆ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಅಂತ ಹೆಸರು ಬದಲಾಯಿತು. ದೌರ್ಜನ್ಯ ಕಾಯ್ದೆಗೆ 1995ರಲ್ಲಿ ನಿಯಮಗಳು ಬಂದವು. 2016ರ ಜನವರಿ 26ರಿಂದ ದೊಡ್ಡ ತಿದ್ದುಪಡಿ ಜಾರಿಗೆ ಬಂತು. ಕಾಗದದ ಮೇಲೆ ನೋಡಿದರೆ ಇದು ಗಟ್ಟಿ ಕಾಯ್ದೆ. ಹಾಗಿದ್ದರೂ ಕೇಸುಗಳು ಯಾಕೆ ಬಿದ್ದುಹೋಗ್ತವೆ? ಕೇಳಿದ್ದಕ್ಕೆ ಅಕ್ಕ ಅಂದರು, 'ಕೇಸು ನನ್ನ ಕೈಗೆ ಬರೋ ಹೊತ್ತಿಗೆ ಅರ್ಧ ಸತ್ತಿರುತ್ತೆ. ಮೂರು ಕಡೆ ಸಾಯುತ್ತೆ. ಠಾಣೆಯಲ್ಲಿ, ದಾರಿಯಲ್ಲಿ, ಮನೆಯಲ್ಲಿ. ಕೋರ್ಟಿನಲ್ಲಿ ನಾವು ಮಾಡೋದು ಬರೀ ಪಂಚನಾಮೆ.'

ಆ ಮೂರು ಜಾಗಗಳ ಬಗ್ಗೆ ಹೇಳ್ತೀನಿ. ಮೊದಲು ಠಾಣೆ.

ನಮ್ಮ ಹೆಣ್ಣುಮಗಳೊಬ್ಬಳು ನಲ್ಲಿಯ ಹತ್ತಿರ ನಿಂತಿದ್ದಾಗ ಒಬ್ಬ ಬಂದು ಜಾತಿಯ ಹೆಸರು ಹಿಡಿದು ಬೈದು, ಕೊಡ ಒದ್ದ ಅಂತ ಇಟ್ಕೊಳ್ಳಿ. ಅವಳು ಠಾಣೆಗೆ ಹೋಗಿ ಅವನು ಏನೇನು ಅಂದನೋ ಅಷ್ಟನ್ನೂ ಹೇಳ್ತಾಳೆ. ಅಲ್ಲಿ ಬರೆಯೋರು ಏನು ಬರೀತಾರೆ? 'ಸದರಿ ಆರೋಪಿಯು ಫಿರ್ಯಾದಿಯನ್ನು ಅವಾಚ್ಯ ಶಬ್ದಗಳಿಂದ ನಿಂದಿಸಿ, ಜಾತಿನಿಂದನೆ ಮಾಡಿ, ಪ್ರಾಣ ಬೆದರಿಕೆ ಹಾಕಿರುತ್ತಾನೆ.' ಮುಗೀತು. ಅವಾಚ್ಯ ಅಂದರೆ ಏನು? ಹೇಳಬಾರದ್ದು. ಹೇಳಬಾರದ್ದನ್ನು ಅವನು ಹೇಳಿದ್ದೇ ಅಪರಾಧ. ಅದನ್ನೇ ಬಿಟ್ಟು ಬರೆದರೆ ಕೋರ್ಟಿಗೆ ತೋರಿಸೋದು ಏನನ್ನ? 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇಂಥದೇ ಒಂದು ಕೇಸನ್ನು ರದ್ದು ಮಾಡಿತು. ಆಡಿದ ಮಾತು ಏನು, ಎಲ್ಲಿ ಆಡಿದ್ದು, ಯಾರ ಎದುರು ಆಡಿದ್ದು ಅನ್ನೋದು ದಾಖಲೆಯಲ್ಲಿ ಬರಬೇಕು ಅಂತ ಹೇಳಿತು. ನಾನು ಮಾತು ನಂಬಿಕೊಂಡು ಬದುಕುವವನು. ನನಗೆ ಇದನ್ನು ಕೇಳಿ ಸಿಟ್ಟು ಬಂತು. ನೂರಾರು ವರ್ಷ ನಮ್ಮನ್ನು ಚುಚ್ಚಿದ ಮಾತು ಅವರ ಬಾಯಲ್ಲಿ ಸಲೀಸಾಗಿ ಬರುತ್ತೆ. ಠಾಣೆಯ ಕಾಗದದ ಮೇಲೆ ಬರೆಯುವಾಗ ಮಾತ್ರ ಅದು ಸಭ್ಯವಲ್ಲ ಅಂತ ನಾಚಿಕೆ!

ಆದ್ದರಿಂದ ದೂರು ಕೊಡುವಾಗ ಬೈದ ಮಾತು ಬೈದ ಹಾಗೇ ಬರೆಸಬೇಕು. ನಮ್ಮ ಬಾಯಲ್ಲಿ ಅದನ್ನು ಮತ್ತೆ ಹೇಳೋಕೆ ಸಂಕಟ ಆಗುತ್ತೆ, ನಿಜ. ಹೆಣ್ಣುಮಕ್ಕಳಿಗೆ ಇನ್ನೂ ಸಂಕಟ. ಆದರೂ ಹೇಳಬೇಕು, ಬರೆಸಬೇಕು, ಬರೆದದ್ದನ್ನು ಓದಿಸಿ ಕೇಳಿಸಿಕೊಂಡು ಆಮೇಲೆ ರುಜು ಹಾಕಬೇಕು. ಹೆಬ್ಬೆಟ್ಟು ಒತ್ತುವವರ ಜೊತೆ ಓದು ಬಲ್ಲವನೊಬ್ಬ ಇರಲೇಬೇಕು. ಎಫ್.ಐ.ಆರ್. ಪ್ರತಿ ಪುಕ್ಕಟೆ ಕೊಡಬೇಕು, ಬಿಡದೆ ಇಸ್ಕೊಳ್ಳಿ.

ಅಕ್ಕ ಇನ್ನೊಂದು ಮಾತು ಹೇಳಿದರು. ಅದು ನಮಗೆ ರುಚಿಸದ ಮಾತು. ಆದರೂ ಮುಚ್ಚಿಡಬಾರದು. 'ಹೊಡೆದವರು ಮೂವರು ಇರ್ತಾರೆ. ಕೇರಿಯ ಸಿಟ್ಟಿನಲ್ಲಿ ಹದಿಮೂರು ಜನರ ಹೆಸರು ಬರೆಸಿಬಿಡ್ತೀರಿ. ಅವತ್ತು ಊರಲ್ಲೇ ಇಲ್ಲದವನ ಹೆಸರೂ ಸೇರಿರುತ್ತೆ. ಎದುರು ವಕೀಲರು ಅವನೊಬ್ಬನ ಬಸ್ ಟಿಕೇಟು, ಆಸ್ಪತ್ರೆ ಚೀಟಿ ತಂದು ತೋರಿಸ್ತಾರೆ. ಆಮೇಲೆ ನಿಜವಾಗಿ ಹೊಡೆದ ಮೂವರೂ ಅವನ ಹಿಂದೇನೇ ಆಚೆ ಹೋಗ್ತಾರೆ.' ಗೆಳೆಯರೆ, ಇದನ್ನು ನಮ್ಮ ಸಂಘಟನೆಯವರೇ ಕೇರಿಯಲ್ಲಿ ಹೇಳಬೇಕು. ನಮ್ಮ ನಿಜಕ್ಕೆ ಸುಳ್ಳಿನ ಊರುಗೋಲು ಬೇಕಾಗಿಲ್ಲ.

ಇನ್ನು ದಾರಿ.

ಕೆಲವು ಜಿಲ್ಲೆಗಳಲ್ಲಿ ನಮ್ಮ ಕೇಸಿಗೆ ಅಂತಲೇ ಬೇರೆ ವಿಶೇಷ ಕೋರ್ಟು ಇದೆ, ಉಳಿದ ಕಡೆ ಸೆಷನ್ಸ್ ಕೋರ್ಟೇ ವಿಶೇಷ ಕೋರ್ಟು. ಎರಡೂ ಸಾಮಾನ್ಯವಾಗಿ ಇರೋದು ಜಿಲ್ಲಾ ಕೇಂದ್ರದಲ್ಲಿ. ಕೇರಿಯಿಂದ ಹೋಬಳಿಗೆ, ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಹೋಗಬೇಕು. ಅಕ್ಕನ ಜಿಲ್ಲೆಯಲ್ಲಿ ಒಂದು ಮೂಲೆಯ ಊರಿದೆ. ಬೆಳಿಗ್ಗೆ ಆ ಕಡೆಯಿಂದ ಬರೋದು ಒಂದೇ ಬಸ್ಸು. ಸಾಕ್ಷಿ ಹೇಳಬೇಕಾದವರೂ ಅದರಲ್ಲೇ ಬರಬೇಕು. ಆರೋಪಿಗಳೂ ಅದರಲ್ಲೇ ಬರ್ತಾರೆ. ತಾಲ್ಲೂಕು ಕೋರ್ಟಿನಲ್ಲೂ ಕೆಲಸ ಇದ್ದ ಕಾಲದಲ್ಲಿ ಅಕ್ಕನೂ ಫೈಲಿನ ಚೀಲ ತೊಡೆಮೇಲೆ ಇಟ್ಕೊಂಡು ಆ ಬಸ್ಸಿನಲ್ಲೇ ಬರ್ತಿದ್ದರು.

ಒಂದು ದಿನ ನಡೆದದ್ದನ್ನು ಅವರು ಹೇಳಿದರು. ಅವತ್ತು ಸಾಕ್ಷಿ ಹೇಳಬೇಕಾದ ಮುದುಕ ಬಸ್ಸು ಹತ್ತಿ ಅಂಗಿ ಜೇಬು ಮುಟ್ಟಿ ನೋಡಿಕೊಳ್ತಿದ್ದ. ಮುಂದಿನ ಸೀಟಿನಲ್ಲಿದ್ದ ಆರೋಪಿ ತಿರುಗಿ ನೋಡಿ ಕಂಡಕ್ಟರಿಗೆ ಅಂದ, 'ಅವನದೂ ಒಂದು ಕೊಡಪ್ಪ, ನಮ್ಮೂರೋನೇ.' ಅಷ್ಟೇ ನಡೆದದ್ದು. ಬೆದರಿಕೆ ಇಲ್ಲ, ಬೈಗುಳ ಇಲ್ಲ. ಒಂದು ಟಿಕೇಟು. ಬಸ್ಸು ಇಳಿಯೋ ಹೊತ್ತಿಗೆ ಆ ಮುದುಕ ಅಕ್ಕನ ಮುಖ ನೋಡಲಿಲ್ಲವಂತೆ. ಮಧ್ಯಾಹ್ನ ಕಟಕಟೆಯಲ್ಲಿ ನಿಂತು 'ನಾನೇನೂ ನೋಡಿಲ್ಲ ಸ್ವಾಮಿ' ಅಂದ.

ಆಗ ಸರಕಾರಿ ವಕೀಲರು ಏನು ಮಾಡಬೇಕು? ಈ ಸಾಕ್ಷಿ ಪ್ರತಿಕೂಲ ಆಗಿದ್ದಾನೆ ಅಂತ ಹೇಳಿ, ಕೋರ್ಟಿನ ಅನುಮತಿ ತಗೊಂಡು, ತಮ್ಮ ಸಾಕ್ಷಿಯನ್ನು ತಾವೇ ಪಾಟೀ ಸವಾಲು ಮಾಡಬೇಕು. ಅಕ್ಕ ತಮ್ಮ ಅಪ್ಪನ ವಯಸ್ಸಿನ ಆ ಮುದುಕನಿಗೆ ಕೇಳಿದರು: ಆರೋಪಿಗಳೊಂದಿಗೆ ರಾಜಿಯಾಗಿ ಸುಳ್ಳು ಹೇಳ್ತಿದ್ದೀರಿ, ಹೌದಾ? ಮುದುಕ ತಲೆ ಅಲ್ಲಾಡಿಸಿದ. ಕೋರ್ಟಿನ ಕಾಗದದಲ್ಲಿ ಅದು ಹೀಗೆ ಬರುತ್ತೆ: 'ಆರೋಪಿಗಳೊಂದಿಗೆ ಶಾಮೀಲಾಗಿ ಸುಳ್ಳು ಸಾಕ್ಷ್ಯ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.' ಎಂದರೆ ಸರಿಯಲ್ಲ, ಎಂದರೆ ಸರಿಯಲ್ಲ. ಒಂದೊಂದು ಕೇಸಿನಲ್ಲಿ ಪುಟಗಟ್ಟಲೆ ಇದೇ. 'ಕಳ್ಳನ್ನ ಸವಾಲು ಮಾಡೋದು ಸಲೀಸು. ನಮ್ಮೋರನ್ನ ಸುಳ್ಳುಗಾರ ಅನ್ನಬೇಕಲ್ಲ, ಈ ನೌಕರಿಯಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇಲ್ಲ' ಅಂದರು ಅಕ್ಕ.

ಈಗ ಕೇಳ್ರಿ, ಆ ಟಿಕೇಟನ್ನು ಕೊಡಬೇಕಾಗಿದ್ದವರು ಯಾರು? ಸರಕಾರ! 1995ರ ನಿಯಮಗಳಲ್ಲಿ 11ನೇ ನಿಯಮ ಓದಿ. ನೊಂದವರಿಗೆ, ಅವರ ಅವಲಂಬಿತರಿಗೆ, ಸಾಕ್ಷಿಗಳಿಗೆ ಹೋಗಿಬರುವ ಬಸ್ಸಿನ ಚಾರ್ಜು ಇಲ್ಲವೇ ರೈಲಿನ ಎರಡನೇ ದರ್ಜೆಯ ಚಾರ್ಜು ಕೊಡಬೇಕು. ಅವತ್ತು ಹೋದ ಕೂಲಿಗೆ ಬದಲಾಗಿ ಕನಿಷ್ಠ ಕೂಲಿಗಿಂತ ಕಮ್ಮಿ ಇಲ್ಲದಂತೆ ದಿನದ ಖರ್ಚು ಕೊಡಬೇಕು. ಊಟದ ಭತ್ಯೆ ಬೇರೆ. ಹೆಣ್ಣುಮಕ್ಕಳು, ಅರವತ್ತು ದಾಟಿದವರು, ಚಿಕ್ಕ ಮಕ್ಕಳು, ಅಂಗವಿಕಲರು ತಮ್ಮ ಜೊತೆಗೆ ತಮಗೆ ಬೇಕಾದವರೊಬ್ಬರನ್ನು ಕರಕೊಂಡು ಬರಬಹುದು, ಆ ಜೊತೆಗಾರರಿಗೂ ಕೊಡಬೇಕು. ಕೂಡಲೇ, ತಡವಾದರೆ ಮೂರು ದಿನದೊಳಗೆ ಕೊಡಬೇಕು. ಇದು ಭಿಕ್ಷೆಯಲ್ಲ, ನಿಯಮ. 2023ರ ಜೂನ್‌ನಿಂದ ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆಯಾಯಿತು. ಒಳ್ಳೇದೇ. ಆದರೆ ಗಂಡಸಿಗೆ ಟಿಕೇಟು ಇದೆ, ಇಬ್ಬರಿಗೂ ಅವತ್ತಿನ ಕೂಲಿ ಹೋಯಿತು, ಮಧ್ಯಾಹ್ನದ ಊಟ ಇದೆ. ನಮ್ಮಲ್ಲಿ ಎಷ್ಟು ಜನ 11ನೇ ನಿಯಮದಲ್ಲಿ ಅರ್ಜಿ ಹಾಕಿದ್ದೀರಿ? ಕೈ ಎತ್ತಿ. (ಯಾರೂ ಎತ್ತಲಿಲ್ಲ.)

ದಾರಿ ಅನ್ನೋದು ನಮಗೆ ಹೊಸ ತೊಂದರೆಯಲ್ಲ. 1929ರಲ್ಲಿ ಬಾಬಾಸಾಹೇಬರು ಬ್ಯಾರಿಸ್ಟರು, ಅಸ್ಪೃಶ್ಯರ ಕುಂದುಕೊರತೆ ವಿಚಾರಿಸಲು ಬೊಂಬಾಯಿ ಸರಕಾರ ಮಾಡಿದ ಸಮಿತಿಯ ಸದಸ್ಯರು. ಒಂದು ಊರಿನಲ್ಲಿ ನಮ್ಮವರಿಗೆ ಬಹಿಷ್ಕಾರ ಹಾಕಿದ್ದನ್ನು ವಿಚಾರಿಸಲು ಖಾನ್‌ದೇಶದ ಚಾಳಿಸ್‌ಗಾಂವ್‌ನಲ್ಲಿ ರೈಲು ಇಳಿದರು. ಕೇರಿಗೆ ಹೋಗಲು ಟಾಂಗಾದವರು ಯಾರೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಟಾಂಗಾ ಕೊಟ್ಟ, ಓಡಿಸಲು ಮಾತ್ರ ಬರಲಿಲ್ಲ. ಅಭ್ಯಾಸವಿಲ್ಲದ ನಮ್ಮವನೊಬ್ಬ ಓಡಿಸಿದ. ಮೋರಿಯ ಮೇಲೆ ಟಾಂಗಾ ತಪ್ಪಿತು, ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿಯಿತು. ವಿಚಾರಣೆಗೆ ಹೋದವರಿಗೇ ಹೀಗಾದರೆ ಸಾಕ್ಷಿ ಹೇಳೋಕೆ ಹೋಗುವವರ ಗತಿ ಏನು?

ಇಷ್ಟು ಕಷ್ಟಪಟ್ಟು ಕೋರ್ಟು ಮುಟ್ಟಿದ ಮೇಲೆ ಏನಾಗುತ್ತೆ? ಬೇವಿನ ಮರದ ಕೆಳಗೆ ಕೂರೋದು. ಜವಾನ ಹೆಸರು ಕೂಗ್ತಾನೆ ಅಂತ ಕಿವಿ ನೆಟ್ಟಗೆ ಮಾಡ್ಕೊಂಡು ಸಂಜೆ ತನಕ ಕೂತರೆ 'ಮುಂದಿನ ತಾರೀಖಿಗೆ ಬನ್ನಿ' ಅಂತಾರೆ. ವಾಯಿದೆ ಮೇಲೆ ವಾಯಿದೆ ತಗೊಂಡು ಸಾಕ್ಷಿ ಬೇಸತ್ತು ಕೈಚೆಲ್ಲುವ ಹಾಗೆ ಮಾಡೋದು ಒಂದು ಪದ್ಧತಿಯೇ ಆಗಿಬಿಟ್ಟಿದೆ ಅಂತ ಸುಪ್ರೀಂ ಕೋರ್ಟೇ 2000ದಲ್ಲಿ ಬೇಸರಪಟ್ಟಿತು. 2016ರ ತಿದ್ದುಪಡಿ ಪ್ರಕಾರ ಸಾಕ್ಷಿ ವಿಚಾರಣೆ ದಿನದಿಂದ ದಿನಕ್ಕೆ ನಡೆಯಬೇಕು, ಚಾರ್ಜ್‌ಶೀಟು ಹಾಕಿದ ಎರಡು ತಿಂಗಳಲ್ಲಿ ಸಾಧ್ಯವಾದ ಮಟ್ಟಿಗೆ ಮುಗಿಯಬೇಕು. ಎರಡು ತಿಂಗಳು ಅನ್ನೋದನ್ನು ಕೇಳಿ ನೀವು ನಗ್ತಿದ್ದೀರಿ. ಅಕ್ಕನೂ ನಕ್ಕರು. ಅವರ ಮೇಜಿನ ಮೇಲೆ ಆರು ವರ್ಷದ ಹಿಂದಿನ ಕೇಸಿನ ಫೈಲಿತ್ತು. ಆಗ ಸಾಕ್ಷಿ ಹೇಳಬೇಕಾದ ಹುಡುಗಿಗೆ ಈಗ ಮದುವೆಯಾಗಿ ಎರಡು ಮಕ್ಕಳು. ಗಂಡನ ಮನೆಯವರಿಗೆ ಆ ವಿಷಯ ಗೊತ್ತಿಲ್ಲ. ಸಮನ್ಸು ಹೋದರೆ ಅವಳ ಸಂಸಾರ ಒಡೆಯುತ್ತೆ, ಹೋಗದಿದ್ದರೆ ಕೇಸು ಒಡೆಯುತ್ತೆ.

ಮೂರನೇ ಜಾಗ ಮನೆ.

ಸಾಕ್ಷಿಗೂ ಮನೆ ಇದೆ, ಸರಕಾರಿ ವಕೀಲೆಗೂ ಮನೆ ಇದೆ. ಸಾಕ್ಷಿಯ ಮನೆ ಇರೋದು ಆರೋಪಿಯ ಹೊಲದ ಬದುವಿನಲ್ಲಿ. ಹುಲ್ಲು ಅವನ ಹೊಲದ್ದು, ಕೂಲಿ ಅವನದು, ಮಗಳ ಮದುವೆಗೆ ತಂದ ಸಾಲ ಅವನದು, ಹಾಲು ಹಾಕೋ ಡೇರಿಯಲ್ಲಿ ಅಳೆಯೋನು ಅವನ ತಮ್ಮ. ಈ ಕಾಯ್ದೆಯ ಕೇಸನ್ನು ಊರ ಜಗಲಿಯ ಮೇಲೆ ರಾಜಿ ಮಾಡೋಕೆ ಕಾನೂನಿನಲ್ಲಿ ಅವಕಾಶವೇ ಇಲ್ಲ. ಅದು ಊರಿನ ಯಜಮಾನರಿಗೂ ಗೊತ್ತು. ಅದಕ್ಕೇ ಅವರು ಕೇಸು ವಾಪಸ್ ತಗೋ ಅನ್ನೊಲ್ಲ. 'ಕೋರ್ಟಿಗೆ ಹೋಗು, ಆದ್ರೆ ನೋಡಿಲ್ಲ ಅನ್ನು' ಅಂತಾರೆ. ಸಾಕ್ಷಿ ಕೆಟ್ಟವನು, ಮಾರಿಕೊಂಡ ಅಂತ ನಾವು ಬೈದುಬಿಡ್ತೀವಿ. ಬೈಯೋಕೆ ಮುಂಚೆ ಅವನ ಮನೆಯಲ್ಲಿ ಅವತ್ತು ಒಲೆ ಹೊತ್ತಿತ್ತಾ ನೋಡಿದ್ದೀವಾ?

ಇನ್ನು ಅಕ್ಕನ ಮನೆ. ಗಂಡ ಬೇರೆ ತಾಲ್ಲೂಕಿನಲ್ಲಿ ಮೇಷ್ಟ್ರು, ಶನಿವಾರ ರಾತ್ರಿ ಬಂದು ಸೋಮವಾರ ಬೆಳಿಗ್ಗೆ ಹೋಗ್ತಾರೆ. ಮಗಳನ್ನು ನೋಡಿಕೊಳ್ಳೋಕೆ ತಾಯಿಯನ್ನು ಕರೆಸಿಕೊಂಡಿದ್ದಾರೆ. ವರ್ಗ ಆದಾಗಲೆಲ್ಲ ಮನೆ ಹುಡುಕೋ ಕೆಲಸ. ಜಿಲ್ಲಾ ಕೋರ್ಟಿನ ವಕೀಲೆ ಅಂದಾಗ ಬಾಗಿಲು ತೆರೆಯುತ್ತೆ, 'ನೀವು ಯಾವ ಪೈಕಿ' ಅಂದಾಗ ಮುಚ್ಚುತ್ತೆ. ಈಗಿರೋ ಊರಿನಲ್ಲಿ ಐದನೇ ಮನೆ ಸಿಕ್ಕಿತಂತೆ. ಆ ನಾಲ್ವರ ಮೇಲೆ ಯಾಕೆ ಕೇಸು ಹಾಕಲಿಲ್ಲ ಅಂತ ಕೇಳಿದೆ. 'ಸಾಕ್ಷಿ ಯಾರಪ್ಪ? ನಾನು, ನನ್ನ ಗಂಡ' ಅಂದು ಸುಮ್ಮನಾದರು. ಅತ್ಯಾಚಾರದ ಕೇಸಿನ ದಿನ ಮನೆಗೆ ಬಂದು ಮಗಳಿಗೆ ತಲೆ ಬಾಚುವಾಗ ಕೈ ನಡುಗುತ್ತೆ ಅಂದರು. ಕೋರ್ಟಿನಲ್ಲಿ ಕೇಳಿದ್ದನ್ನು ಗಂಡನ ಹತ್ತಿರವೂ ಹೇಳೊಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ನಾಳೆಯ ಸಾಕ್ಷಿಗಳ ಹೇಳಿಕೆ ಓದಬೇಕು. ಆ ಹೊತ್ತಿಗೆ ಸರಿಯಾಗಿ ಫೋನು ಬರುತ್ತೆ. ಆರೋಪಿ ಮಾಡೋದಿಲ್ಲ, ಅಕ್ಕನ ಸ್ವಂತ ನೆಂಟರೇ ಮಾಡ್ತಾರೆ. 'ಅವರು ನಮಗೆ ಬೇಕಾದೋರು ಕಣಮ್ಮ, ಸ್ವಲ್ಪ ನೋಡು.' ಮೇಲ್ಜಾತಿಯವರು ಸಾಕ್ಷಿಯನ್ನು ಹಿಡಿಯೋದು ಸಾಲದ ಕೊಂಡಿಯಿಂದ, ಸರಕಾರಿ ವಕೀಲೆಯನ್ನು ಹಿಡಿಯೋಕೆ ಬರೋದು ನಮ್ಮವರ ಬಾಯಿಂದಲೇ. ಅಕ್ಕ ಫೋನು ಇಟ್ಟುಬಿಡ್ತಾರೆ. ಆ ಕಾರಣಕ್ಕೇ ಎರಡು ಮದುವೆಗೆ ಅವರಿಗೆ ಕರೆಯೋಲೆ ಬರಲಿಲ್ಲ.

ಹೀಗೆ ಮೂರು ಕಡೆ ಕೇಸು ಸತ್ತರೆ ಏನಾಗುತ್ತೆ ಅನ್ನೋದಕ್ಕೆ ನಾವು ದೂರ ಹೋಗಬೇಕಾಗಿಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ನಮ್ಮವರು ಏಳು ಜನರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಕೋಲಾರದ ಕೋರ್ಟು ಆರೋಪಿಗಳನ್ನು ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ, ಕೊಂದವರು ಯಾರೂ ಇಲ್ಲ.

ಇದೇ ದಾರಿಯ ಪ್ರಶ್ನೆಗೆ ಪಕ್ಕದ ಆಂಧ್ರದ ನಮ್ಮವರು ಬೇರೆ ಉತ್ತರ ಕಂಡುಕೊಂಡರು. ಆಗಿನ ಗುಂಟೂರು ಜಿಲ್ಲೆಯ ಚುಂಡೂರಿನಲ್ಲಿ 1991ರ ಆಗಸ್ಟ್ 6ರಂದು ಎಂಟು ಜನ ದಲಿತರನ್ನು ಅಟ್ಟಾಡಿಸಿ ಕೊಂದು, ಹೆಣಗಳನ್ನು ಗೋಣಿಚೀಲಕ್ಕೆ ತುಂಬಿ ಕಾಲುವೆಗೆ ಎಸೆದರು. ಅಲ್ಲಿಯ ಜನ ಪಟ್ಟು ಹಿಡಿದರು: ನಾವು ಕೋರ್ಟಿಗೆ ಅಲೆಯೋದಿಲ್ಲ, ಕೋರ್ಟೇ ನಮ್ಮೂರಿಗೆ ಬರಲಿ. ನಮಗೆ ನಂಬಿಕೆ ಇರೋ ವಕೀಲರೇ ಸರಕಾರದ ಪರವಾಗಿ ಕೇಸು ನಡೆಸಲಿ. ವರ್ಷಗಟ್ಟಲೆ ಹೋರ್ಯಾಡಿ ಎರಡನ್ನೂ ಗಳಿಸಿದರು. ವಿಶೇಷ ಕೋರ್ಟು ಚುಂಡೂರಿನಲ್ಲೇ ಕೂತಿತು. ನಾಗರಿಕ ಹಕ್ಕುಗಳ ಹೋರಾಟದಲ್ಲಿದ್ದ ಬಿ. ಚಂದ್ರಶೇಖರ್ ವಿಶೇಷ ಅಭಿಯೋಜಕರಾದರು. ಸಾಕ್ಷಿಗಳು ತಮ್ಮೂರಲ್ಲೇ ನಿಂತು ಮಾತಾಡಿದರು. 2007ರ ಜುಲೈ 31ರಂದು 21 ಜನರಿಗೆ ಜೀವಾವಧಿ, 35 ಜನರಿಗೆ ಒಂದೊಂದು ವರ್ಷ ಸಜೆ ಆಯಿತು.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 2014ರ ಏಪ್ರಿಲ್ 22ರಂದು ಹೈಕೋರ್ಟು ಎಲ್ಲರನ್ನೂ ಬಿಟ್ಟುಬಿಟ್ಟಿತು. ಸತ್ತ ಹೊತ್ತು, ಕೊಂದ ಜಾಗ, ಹೊಡೆದವರ ಗುರುತು ಸರಿಯಾಗಿ ರುಜುವಾತಾಗಿಲ್ಲ ಅಂತ ಹೇಳಿತು. ದಾರಿಯನ್ನೂ ಭಯವನ್ನೂ ಗೆದ್ದ ಕೇಸು ಮೊದಲ ದಿನಗಳ ಕಾಗದದಲ್ಲಿ ಸೋತಿತು. ಅಕ್ಕ ಠಾಣೆಯನ್ನು ಮೊದಲು ಹೇಳಿದ್ದು ಅದಕ್ಕೇ.

ಇನ್ನು ನಮ್ಮ ಕೊಪ್ಪಳ ಜಿಲ್ಲೆಯ ಮರಕುಂಬಿ. 2014ರ ಆಗಸ್ಟ್ 28ರಂದು ಕೇರಿಗೆ ನುಗ್ಗಿ ಹೊಡೆದರು, ಗುಡಿಸಲು ಸುಟ್ಟರು. ಹತ್ತು ವರ್ಷ ಕೇಸು ನಡೆಯಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಸಜೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠದಿಂದ ಅವರಲ್ಲಿ ಹೆಚ್ಚಿನವರಿಗೆ ಜಾಮೀನು ಸಿಕ್ಕಿತು. ಸಾಕ್ಷಿ ಹೇಳಿದವರು, ಶಿಕ್ಷೆಯಾದವರು ಮತ್ತೆ ಒಂದೇ ಊರಿನಲ್ಲಿ ಬದುಕಬೇಕು. ತೀರ್ಪು ಬಂದ ದಿನ ಪಟಾಕಿ ಹೊಡೆಯೋದು ಸುಲಭ. ತೀರ್ಪಿನ ಮಾರನೆ ದಿನ ಆ ಕೇರಿಗೆ ಹೋಗಿ ಕೂರೋದು ಸಂಘಟನೆಯ ಕೆಲಸ.

ಇಷ್ಟು ಹೇಳಿದ ಮೇಲೆ ನಾವೇನು ಮಾಡಬೇಕು? ಸರಕಾರಿ ವಕೀಲರಲ್ಲೂ ಮಾರಿಕೊಂಡವರು ಇದ್ದಾರೆ, ಸೋಮಾರಿಗಳು ಇದ್ದಾರೆ, ಒಳಗೊಳಗೇ ಜಾತಿ ಇಟ್ಟುಕೊಂಡವರೂ ಇದ್ದಾರೆ. ಅಂಥವರು ಕೇಸು ನಡೆಸ್ತಿದ್ದರೆ ಸುಮ್ಮನೆ ಕೂರಬೇಕಾಗಿಲ್ಲ. ನೊಂದವರು ಕೇಳಿಕೊಂಡರೆ ಜಿಲ್ಲಾಧಿಕಾರಿ ಬೇರೆ ಹಿರಿಯ ವಕೀಲರನ್ನು ಸರಕಾರದ ಖರ್ಚಿನಲ್ಲಿ ನೇಮಿಸಬಹುದು ಅಂತ 4ನೇ ನಿಯಮ ಇದೆ. ವಿಶೇಷ ಅಭಿಯೋಜಕರ ಕೆಲಸವನ್ನು ಪ್ರತಿ ವರ್ಷ ಜನವರಿ ಮತ್ತು ಜುಲೈನಲ್ಲಿ ಪರಿಶೀಲಿಸಬೇಕು ಅಂತಲೂ ಅದೇ ನಿಯಮ ಹೇಳುತ್ತೆ. ಜಿಲ್ಲಾ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು. ಅಲ್ಲಿರೋ ನಮ್ಮ ಸದಸ್ಯರು ಬೋಂಡಾ ತಿಂದು ರುಜು ಹಾಕಿ ಬರೋದನ್ನು ಬಿಟ್ಟು ಈ ಪ್ರಶ್ನೆ ಎತ್ತಲಿ.

ಕಾಯ್ದೆಯ 15ಎ ಕಲಮನ್ನು ಪ್ರತಿಯೊಬ್ಬ ಕಾರ್ಯಕರ್ತನೂ ಬಾಯಿಪಾಠ ಮಾಡಬೇಕು. ಜಾಮೀನಿನ ಅರ್ಜಿ ಬಂದಾಗ ನೊಂದವರಿಗೆ ತಿಳಿಸಬೇಕು, ಅವರ ಮಾತು ಕೇಳಬೇಕು. ಸಾಕ್ಷಿಗೆ ರಕ್ಷಣೆ ಕೊಡಬೇಕು. ಸಂಘಸಂಸ್ಥೆಯವರ, ಸಮಾಜಸೇವಕರ ನೆರವು ತಗೊಳ್ಳೋ ಹಕ್ಕು ನೊಂದವರಿಗೆ ಇದೆ. ಅಂದರೆ ನಾವು ಕೋರ್ಟಿನ ವರಾಂಡದಲ್ಲಿ ನಿಂತಾಗ 'ನೀನ್ಯಾರು' ಅಂತ ಯಾರಾದರೂ ಕೇಳಿದರೆ ಕಾನೂನು ಹೇಳಿದವನು ನಾನೇ ಅನ್ನಬಹುದು. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣೆಯ ಯೋಜನೆಯನ್ನೂ ಒಪ್ಪಿ, ಇಡೀ ದೇಶಕ್ಕೆ ಅನ್ವಯ ಅಂತ ಹೇಳಿದೆ. ಅರ್ಜಿ ಹಾಕುವವರು ಬೇಕು.

ಕೊನೆಯದಾಗಿ ನಮ್ಮ ತಾಲ್ಲೂಕಿನ ಮಾತು. ಓವರ್‌ಹೆಡ್ ಟ್ಯಾಂಕಿನ ನೀರಿನ ಜಗಳದಲ್ಲಿ ಆದ ಕೇಸು ನಿಮಗೆಲ್ಲ ಗೊತ್ತು. ಬರುವ ತಿಂಗಳು ಸಾಕ್ಷಿಗೆ ಬರ್ತಿದೆ. ನಾಲ್ಕು ಸಾಕ್ಷಿ ಬಾಕಿ. ಒಬ್ಬರು ಅರವತ್ತು ದಾಟಿದ ಅಜ್ಜಿ, ಒಬ್ಬ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಾನೆ, ಇನ್ನಿಬ್ಬರು ಈಗಲೂ ಆರೋಪಿಯ ತೋಟದಲ್ಲೇ ಕೂಲಿ ಮಾಡ್ತಿದ್ದಾರೆ. ಈ ನಾಲ್ವರನ್ನು ನಾವು ಹೇಗೆ ಕೋರ್ಟು ಮುಟ್ಟಿಸ್ತೀವಿ ಅನ್ನೋದರ ಮೇಲೆ ಈ ಕೇಸು ನಿಂತಿದೆ. ಭಾಷಣದ ಮೇಲೆ ನಿಂತಿಲ್ಲ, ನನ್ನ ಕವಿತೆಯ ಮೇಲಂತೂ ನಿಂತಿಲ್ಲ.

ನನ್ನ ಸಲಹೆ ಇಷ್ಟೆ. ಪ್ರತಿ ಹೋಬಳಿ ಶಾಖೆಯೂ ಒಂದು ನೋಟ್‌ಬುಕ್ ಮಾಡಲಿ. ಅದರಲ್ಲಿ ಕೇಸಿನ ನಂಬರು, ಕೋರ್ಟು, ಮುಂದಿನ ತಾರೀಖು, ಸಾಕ್ಷಿಗಳ ಹೆಸರು ಇರಲಿ. ಪ್ರತಿ ತಾರೀಖಿಗೆ ಸಾಕ್ಷಿಯ ಜೊತೆ ಹೋಗುವ ಇಬ್ಬರ ಹೆಸರು ಪಕ್ಕದಲ್ಲಿ ಬರೀರಿ, ಅದರಲ್ಲಿ ಒಬ್ಬಳು ಹೆಣ್ಣುಮಗಳು ಇರಲಿ. ಹಿಂದಿನ ದಿನವೇ ಸರಕಾರಿ ವಕೀಲರನ್ನು ಕಂಡು ಸಾಕ್ಷಿಯ ಮೊದಲ ಹೇಳಿಕೆಯನ್ನು ಓದಿಸಿ. ನಿಜ ಮರೆತಿದ್ದರೆ ನೆನಪಾಗಲಿ, ಇಲ್ಲದ್ದನ್ನು ಯಾರೂ ಹೇಳಿಕೊಡಬೇಡಿ. 11ನೇ ನಿಯಮದ ಅರ್ಜಿ ಸೈಕ್ಲೋಸ್ಟೈಲ್ ಮಾಡಿಸಿ ಶಿಬಿರ ಮುಗಿಯೋದರೊಳಗೆ ಹಂಚ್ತೀವಿ. ಸರಕಾರದ ದುಡ್ಡು ಬರೋ ತನಕ ಟಿಕೇಟಿನ ಕಾಸು ನಮ್ಮ ಡಬ್ಬಿಯಿಂದ ಹೋಗಲಿ. ಇವತ್ತು ಈ ಪತ್ರಿಕೆ ಮಾರಿ ಬಂದ ದುಡ್ಡು ಮೊದಲು ಅದಕ್ಕೇ ಹೋಗಲಿ ಅಂತ ಶಿಬಿರದಲ್ಲಿ ಕೇಳಿಕೊಳ್ತೀನಿ.

ನಮ್ಮ ಸಾಕ್ಷಿಯ ಟಿಕೇಟನ್ನು ಇನ್ನು ಮುಂದೆ ಆರೋಪಿ ತಗೋಬಾರದು. ಇಷ್ಟೊಂದು ಕೆಲಸ ಮಾಡಿ ಬನ್ನಿ, ಮಿಕ್ಕಿದ್ದನ್ನು ಮುಂದಿನ ಸಭೆಯಲ್ಲಿ ಮಾತಾಡೋಣ. ನೋಟ್‌ಬುಕ್ ತರೋದು ಮರೀಬೇಡಿ.

ಜೈ ಭೀಮ್.